ಕ್ಯಾಮೆರಾ ಕೊಳ್ಳುವ ಮೊದಲು ಬೆಳಕಿನ ಪಾಠ

ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂದ ವಾರ ಎಷ್ಟೋ ಮನೆಗಳಲ್ಲಿ ಹಳೆಯ ಮಾತೊಂದು ಮತ್ತೆ ತಲೆ ಎತ್ತುತ್ತದೆ. "ಒಳ್ಳೇ ಮಾರ್ಕ್ಸ್ ಬಂದ್ರೆ ಕ್ಯಾಮೆರಾ ಕೊಡಿಸ್ತೀನಿ ಅಂದಿದ್ರಲ್ಲಪ್ಪಾ?" ಕೊಟ್ಟ ಮಾತಿಗೆ ತಪ್ಪುವಂತಿಲ್ಲ. ಅಪ್ಪ ಮಗಳನ್ನೋ ಮಗನನ್ನೋ ಕರೆದುಕೊಂಡು ಪೇಟೆಗೆ ಹೋಗುತ್ತಾರೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ಕುಳಿತ ಕರಿ ಪೆಟ್ಟಿಗೆಗಳು. ಅಪ್ಪ ಕೇಳುವ ಮೊದಲ ಪ್ರಶ್ನೆ, "ಇದು ಎಷ್ಟು ಮೆಗಾಪಿಕ್ಸೆಲ್?" ಎರಡನೆಯದು, "ಇದಕ್ಕಿಂತ ಸ್ವಲ್ಪ ಕಡಿಮೆ ಬೆಲೇದು ಇದೆಯಾ?" ಕೊನೆಗೆ ಎರಡು ಲೆನ್ಸು, ಒಂದು ಚೀಲ, ಒಂದು ಮೆಮೊರಿ ಕಾರ್ಡು ಸೇರಿದ ಪೊಟ್ಟಣ ಮನೆಗೆ ಬರುತ್ತದೆ.

ಮೊದಲ ತಿಂಗಳು ಮನೆಯವರು, ಬೆಕ್ಕು, ದಾಸವಾಳ ಎಲ್ಲದರ ಚಿತ್ರವೂ ಆಗುತ್ತದೆ. ಎರಡನೆಯ ತಿಂಗಳಲ್ಲಿ ಒಂದು ಅನುಮಾನ: "ಮೊಬೈಲಿನಲ್ಲೇ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತಲ್ಲ?" ಆರನೆಯ ತಿಂಗಳಿಗೆ ಕ್ಯಾಮೆರಾ ಬೀರು ಸೇರುತ್ತದೆ. ತನಗೆ ಈ ವಿದ್ಯೆ ಒಲಿಯಲಿಲ್ಲ ಎಂದು ಹುಡುಗಿ ಬೇಸರಪಡುತ್ತಾಳೆ. ಹಣ ದಂಡವಾಯಿತು ಎಂದು ಅಪ್ಪ ಗೊಣಗುತ್ತಾರೆ. ಒಂದು ಒಳ್ಳೆಯ ಹವ್ಯಾಸ ಹುಟ್ಟುವ ಮೊದಲೇ ಮುಗಿದುಹೋಗುತ್ತದೆ.

ಇಲ್ಲಿ ತಪ್ಪು ಮಗುವಿನದೂ ಅಲ್ಲ, ಕ್ಯಾಮೆರಾದ್ದೂ ಅಲ್ಲ. ಕಲಿಕೆಯ ಕ್ರಮ ತಲೆಕೆಳಗಾಗಿದೆ. ಮೊದಲು ಬೆಳಕು, ಆಮೇಲೆ ಲೆನ್ಸು, ಕಡೆಗೆ ಕ್ಯಾಮೆರಾ ಎಂಬುದು ಸರಿಯಾದ ಕ್ರಮ. ಅಂಗಡಿಯಲ್ಲಿ ಇದು ಉಲ್ಟಾ ಆಗುತ್ತದೆ. ಈ ಕ್ರಮವನ್ನು ಸರಿಪಡಿಸಲು ಬೇಕಾದ ಪಾಠ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಬೆಳಕಿನ ಅಧ್ಯಾಯದಲ್ಲೇ ಇದೆ.

ಕ್ಯಾಸೆಟ್ಟಿನಲ್ಲಿ ಉಳಿದ ಚಿತ್ರ

ಫಿಲ್ಮ್ ಇಲ್ಲದೆ ಚಿತ್ರ ತೆಗೆಯುವ ಯೋಚನೆ ಹೊಸದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಸಿಸಿಡಿ ಎಂಬ ಸಿಲಿಕಾನ್ ಸಾಧನವನ್ನು ರೂಪಿಸಿದರು. ಅದರ ಮೇಲೆ ಬಿದ್ದ ಬೆಳಕು ವಿದ್ಯುದಾವೇಶವಾಗಿ ಮಾರ್ಪಡುತ್ತಿತ್ತು. ಈ ಕೆಲಸಕ್ಕೆ 2009ರ ಭೌತಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಇಬ್ಬರಿಗೂ ಪಾಲು ದೊರೆಯಿತು.

ಸಿಸಿಡಿಯನ್ನು ಬಳಸಿ ಕೊಡಕ್ ಕಂಪನಿಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಒಂದು ಕ್ಯಾಮೆರಾ ಜೋಡಿಸಿದರು. ತೂಕ ಸುಮಾರು 3.6 ಕಿಲೋ. ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು 10,000 ಚುಕ್ಕಿಗಳ ಕಪ್ಪು-ಬಿಳುಪು ಚಿತ್ರ. ಇಂದಿನ ಲೆಕ್ಕದಲ್ಲಿ 0.01 ಮೆಗಾಪಿಕ್ಸೆಲ್! ಆ ಚಿತ್ರವನ್ನು ಮಾಮೂಲಿ ಕ್ಯಾಸೆಟ್ ಟೇಪಿನಲ್ಲಿ ದಾಖಲಿಸಲು 23 ಸೆಕೆಂಡು ಬೇಕಾಗುತ್ತಿತ್ತು. ಕೊಡಕ್ ಕಂಪನಿಯ ಸಂಪಾದನೆಯೆಲ್ಲ ಫಿಲ್ಮ್ ಮಾರಾಟದಿಂದ ಬರುತ್ತಿದ್ದುದರಿಂದ ಮನೆಯೊಳಗೇ ಹುಟ್ಟಿದ ಈ ಕೂಸು ಅದಕ್ಕೆ ಬೇಗ ಆಪ್ತವಾಗಲಿಲ್ಲ. 2012ರ ಜನವರಿಯಲ್ಲಿ ಕೊಡಕ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋಯಿತು.

ಇಂದಿನ ಬಹುತೇಕ ಕ್ಯಾಮೆರಾಗಳಲ್ಲಿ ಸಿಸಿಡಿ ಬದಲು ಸಿಮಾಸ್ ಬಗೆಯ ಸೆನ್ಸರ್ ಇರುತ್ತದೆ. ಕೆಲಸದ ತತ್ತ್ವ ಮಾತ್ರ ಅದೇ. ಬೆಳಕಿನ ಕಣವಾದ ಫೋಟಾನ್ ಸಿಲಿಕಾನಿಗೆ ಬಡಿದಾಗ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಎಲೆಕ್ಟ್ರಾನುಗಳನ್ನು ಎಣಿಸಿದರೆ ಅಲ್ಲಿ ಎಷ್ಟು ಬೆಳಕು ಬಿತ್ತೆಂದು ಗೊತ್ತಾಗುತ್ತದೆ.

ಅಂಗಳದಲ್ಲಿ ಇಟ್ಟ ಬಟ್ಟಲುಗಳು

ಸೆನ್ಸರನ್ನು ಮನಸ್ಸಿಗೆ ತಂದುಕೊಳ್ಳಲು ಸುಲಭದ ಹೋಲಿಕೆಯಿದೆ. ಮಳೆ ಬರುವಾಗ ಅಂಗಳದ ತುಂಬ ಒತ್ತೊತ್ತಾಗಿ ಬಟ್ಟಲುಗಳನ್ನು ಇಟ್ಟಿದ್ದಾರೆ ಎಂದುಕೊಳ್ಳಬಹುದು. ಅಂಗಳವೇ ಸೆನ್ಸರ್, ಒಂದೊಂದು ಬಟ್ಟಲೂ ಒಂದು ಪಿಕ್ಸೆಲ್, ಬೀಳುವ ಹನಿಗಳೇ ಫೋಟಾನುಗಳು. ಅಂಗಳ ಅಷ್ಟೇ ಇರುವಾಗ ಬಟ್ಟಲುಗಳ ಸಂಖ್ಯೆ ಹೆಚ್ಚಿಸಿದರೆ ಒಂದೊಂದು ಬಟ್ಟಲೂ ಚಿಕ್ಕದಾಗಲೇಬೇಕು, ಅದರಲ್ಲಿ ಬೀಳುವ ನೀರೂ ಕಡಿಮೆಯಾಗಬೇಕು. ಮೆಗಾಪಿಕ್ಸೆಲ್ ಎಂಬುದು ಬಟ್ಟಲುಗಳ ಎಣಿಕೆ ಮಾತ್ರ. ಅಂಗಳ ಎಷ್ಟು ದೊಡ್ಡದು ಎಂಬುದನ್ನು ಅದು ಹೇಳುವುದಿಲ್ಲ.

ಮಳೆಹನಿಗಳಂತೆ ಫೋಟಾನುಗಳೂ ಲೆಕ್ಕ ಹಾಕಿ ಸಮನಾಗಿ ಬೀಳುವುದಿಲ್ಲ. ಒಂದು ಬಟ್ಟಲಿಗೆ ಸರಾಸರಿ 100 ಫೋಟಾನು ಬೀಳಬೇಕಾದಲ್ಲಿ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ ಸುಮಾರು 10. ಇದು ಶೇ 10ರಷ್ಟು. ಸರಾಸರಿ 10,000 ಫೋಟಾನು ಬಿದ್ದರೆ ಏರಿಳಿತ 100. ಇದು ಶೇ 1 ಮಾತ್ರ. ರಾತ್ರಿ ತೆಗೆದ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುವ ಕಾಳುಕಾಳು ಚುಕ್ಕಿಗಳಿಗೆ ಮುಖ್ಯ ಕಾರಣ ಇದೇ. ಬೆಳಕು ಕಡಿಮೆಯಾದಷ್ಟೂ ಏರಿಳಿತದ ಪಾಲು ಹೆಚ್ಚು.

ಆದ್ದರಿಂದ ಕೇಳಬೇಕಾದ ಪ್ರಶ್ನೆ "ಸೆನ್ಸರ್ ಎಷ್ಟು ದೊಡ್ಡದು?" ಎಂದು. ಫುಲ್ ಫ್ರೇಮ್ ಎನ್ನುವ ಸೆನ್ಸರಿನ ಅಳತೆ 36 x 24 ಮಿ.ಮೀ. ವಿಸ್ತೀರ್ಣ 864 ಚದರ ಮಿ.ಮೀ. ಹವ್ಯಾಸಿಗಳ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಎಪಿಎಸ್-ಸಿ ಸೆನ್ಸರ್ ಸುಮಾರು 23.5 x 15.6 ಮಿ.ಮೀ., ಅಂದರೆ 367 ಚದರ ಮಿ.ಮೀ. ಉದ್ದನೆಯ ಜೂಮ್ ಇರುವ ಅನೇಕ ಅಗ್ಗದ ಕ್ಯಾಮೆರಾಗಳ ಸೆನ್ಸರ್ ಸುಮಾರು 6.2 x 4.6 ಮಿ.ಮೀ., ಅಂದರೆ ಕೇವಲ 28 ಚದರ ಮಿ.ಮೀ. ನೋಡಲು ದೊಡ್ಡ ಕ್ಯಾಮೆರಾದಂತೆ ಗಂಭೀರವಾಗಿ ಕಂಡರೂ ಒಳಗಿನ ಅಂಗಳ ಬೆರಳ ಉಗುರಿಗಿಂತ ಚಿಕ್ಕದು.

ಹಾಗಾದರೆ ಎಷ್ಟು ಮೆಗಾಪಿಕ್ಸೆಲ್ ಸಾಕು? ಇದನ್ನೂ ಗುಣಾಕಾರ ಮಾಡಿ ನೋಡಬಹುದು. 12 x 8 ಅಂಗುಲದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಅಚ್ಚುಕಟ್ಟಾಗಿ ಮುದ್ರಿಸಲು 3,600 x 2,400 ಪಿಕ್ಸೆಲ್ ಬೇಕು, ಎಂದರೆ 8.64 ಮೆಗಾಪಿಕ್ಸೆಲ್. 1,920 x 1,080 ಚುಕ್ಕಿಗಳ ಕಂಪ್ಯೂಟರ್ ಪರದೆಯನ್ನು ತುಂಬಲು ಬೇಕಾದದ್ದು ಸುಮಾರು 2 ಮೆಗಾಪಿಕ್ಸೆಲ್. ಇಂದು ಮಾರುವ ಯಾವ ಒಳ್ಳೆಯ ಕ್ಯಾಮೆರಾದಲ್ಲೂ ಇದಕ್ಕಿಂತ ಹೆಚ್ಚೇ ಇರುತ್ತದೆ.

ಮೂರು ಹಿಡಿತಗಳು

ಕಣ್ಣಿನ ಪಾಪೆ ಬಿಸಿಲಲ್ಲಿ ಕಿರಿದಾಗುತ್ತದೆ, ಕತ್ತಲಲ್ಲಿ ಹಿರಿದಾಗುತ್ತದೆ. ಕ್ಯಾಮೆರಾದಲ್ಲಿ ಆ ಕೆಲಸ ಮಾಡುವುದು ಅಪರ್ಚರ್, ಅಂದರೆ ಲೆನ್ಸಿನ ದ್ವಾರ. ಇದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ. ಹೊಸಬರನ್ನು ಗಲಿಬಿಲಿಗೊಳಿಸುವ ಈ ಸಂಖ್ಯೆ ಒಂದು ಸರಳ ಭಾಗಾಕಾರ: ಮಸೂರದ ಸಂಗಮದೂರವನ್ನು ದ್ವಾರದ ವ್ಯಾಸದಿಂದ ಭಾಗಿಸಬೇಕು. 50 ಮಿ.ಮೀ. ಲೆನ್ಸಿನ ದ್ವಾರ 25 ಮಿ.ಮೀ. ಇದ್ದರೆ ಅದು ಎಫ್/2. ದ್ವಾರ 12.5 ಮಿ.ಮೀ.ಗೆ ಕಿರಿದಾದರೆ ಎಫ್/4. ವ್ಯಾಸ ಅರ್ಧವಾದಾಗ ವಿಸ್ತೀರ್ಣ ಕಾಲುಭಾಗವಾಗುವುದರಿಂದ ಬೆಳಕೂ ಕಾಲುಭಾಗ. ಸಂಖ್ಯೆ ದೊಡ್ಡದಾದರೆ ದ್ವಾರ ಚಿಕ್ಕದಾಗುವುದು ಏಕೆ ಎಂಬ ಗೊಂದಲ ಇಷ್ಟಕ್ಕೇ ಬಗೆಹರಿಯುತ್ತದೆ. 1.4, 2, 2.8, 4, 5.6, 8, 11, 16 ಎಂಬ ಸಾಲಿನಲ್ಲಿ ಪ್ರತಿ ಹೆಜ್ಜೆಯೂ ಎರಡರ ವರ್ಗಮೂಲದಿಂದ ಗುಣಿಸಿದ್ದು. ಪ್ರತಿ ಹೆಜ್ಜೆಗೂ ಬೆಳಕು ಅರ್ಧವಾಗುತ್ತದೆ. ದ್ವಾರ ದೊಡ್ಡದಿದ್ದಾಗ ಮುಖ ಮಾತ್ರ ಸ್ಪಷ್ಟವಾಗಿ ಹಿನ್ನೆಲೆ ಮಸುಕಾಗುತ್ತದೆ. ಚಿಕ್ಕದಿದ್ದಾಗ ಹತ್ತಿರದ ಕಲ್ಲೂ ದೂರದ ಬೆಟ್ಟವೂ ಸ್ಪಷ್ಟವಾಗಿ ಮೂಡುತ್ತವೆ.

ಎರಡನೆಯ ಹಿಡಿತ ಶಟರ್, ಅಂದರೆ ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು ಎಂಬುದು. 1/1000 ಸೆಕೆಂಡಿನಲ್ಲಿ ಹಾರುವ ಹಕ್ಕಿಯ ರೆಕ್ಕೆ ನಿಂತಂತೆ ಕಾಣುತ್ತದೆ. 1/2 ಸೆಕೆಂಡಿನಲ್ಲಿ ಜಲಪಾತ ರೇಷ್ಮೆಯ ಎಳೆಯಾಗುತ್ತದೆ, ಆದರೆ ಕೈ ನಡುಗಿದರೆ ಎಲ್ಲವೂ ಕದಡಿಹೋಗುತ್ತದೆ. ಹಳೆಯ ಛಾಯಾಗ್ರಾಹಕರ ಅಂದಾಜಿನ ಪ್ರಕಾರ 200 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದಾಗ ಶಟರ್ 1/200 ಸೆಕೆಂಡಿಗಿಂತ ನಿಧಾನವಾಗಿರಬಾರದು. ಇಂದಿನ ಅನೇಕ ಕ್ಯಾಮೆರಾ, ಲೆನ್ಸುಗಳಲ್ಲಿ ನಡುಕ ತಡೆಯುವ ಏರ್ಪಾಡು ಇರುವುದರಿಂದ ಸ್ವಲ್ಪ ಸಡಿಲಿಕೆ ಸಿಗುತ್ತದೆ. ಆದರೆ ಆ ಏರ್ಪಾಡು ಕೈ ನಡುಕವನ್ನು ತಡೆಯುತ್ತದೆಯೇ ಹೊರತು ಓಡುವ ನಾಯಿಯನ್ನು ನಿಲ್ಲಿಸುವುದಿಲ್ಲ.

ಮೂರನೆಯದು ಐಎಸ್‌ಒ. ಇದನ್ನು ಹೆಚ್ಚಿಸಿದರೆ ಚಿತ್ರ ಬೆಳಗುತ್ತದೆ ನಿಜ. ಆದರೆ ಬಿದ್ದ ಬೆಳಕೇನೂ ಹೆಚ್ಚುವುದಿಲ್ಲ. ರೇಡಿಯೊದ ದನಿ ಏರಿಸಿದರೆ ಹಾಡಿನ ಜೊತೆ ಕರಕರ ಸದ್ದೂ ಏರುವಂತೆ ಕಾಳುಗಳೂ ಎದ್ದು ಕಾಣುತ್ತವೆ.

ಈ ಮೂರನ್ನೂ ಕಟ್ಟಿಹಾಕುವ ಸೂತ್ರವೊಂದು ಫಿಲ್ಮ್ ಕಾಲದಿಂದ ಬಂದಿದೆ. ಮೋಡವಿಲ್ಲದ ಬಿಸಿಲಿನಲ್ಲಿ ಅಪರ್ಚರ್ ಎಫ್/16 ಇಟ್ಟು, ಐಎಸ್‌ಒ ಎಷ್ಟಿದೆಯೋ ಅದರ ವ್ಯುತ್ಕ್ರಮವನ್ನು ಶಟರ್ ಆಗಿ ಇಡಬೇಕು. ಐಎಸ್‌ಒ 100 ಇದ್ದರೆ 1/100 ಸೆಕೆಂಡು. ದ್ವಾರವನ್ನು ಎಫ್/8ಕ್ಕೆ ತೆರೆದರೆ ಬೆಳಕು ನಾಲ್ಕು ಪಟ್ಟು, ಆಗ ಶಟರ್ 1/400. ಕ್ಯಾಮೆರಾದ ಒಳಗಿನ ಕಂಪ್ಯೂಟರ್ ಮಾಡುವ ಲೆಕ್ಕ ಹೆಚ್ಚುಕಡಿಮೆ ಇದೇ ಜಾಡಿನದು. ಈ ಲೆಕ್ಕವನ್ನು ಬಾಯಲ್ಲೇ ಹಾಕಬಲ್ಲ ವಿದ್ಯಾರ್ಥಿ ಕ್ಯಾಮೆರಾದ ಯಜಮಾನನಾಗುತ್ತಾನೆ.

ಮೂರು ತಿಂಗಳ ಪ್ರಯೋಗ

ಇಷ್ಟನ್ನು ಕಲಿಯಲು ಹೊಸ ಕ್ಯಾಮೆರಾ ಬೇಕಿಲ್ಲ. ಮನೆಯಲ್ಲಿರುವ ಮೊಬೈಲ್ ಸಾಕು. ಅನೇಕ ಮೊಬೈಲುಗಳಲ್ಲಿ 'ಪ್ರೊ' ಎಂಬ ವಿಭಾಗವಿದ್ದು, ಅಲ್ಲಿ ಶಟರನ್ನೂ ಐಎಸ್‌ಒವನ್ನೂ ಕೈಯಾರೆ ಬದಲಿಸಬಹುದು. ಬಹುತೇಕ ಮೊಬೈಲುಗಳಲ್ಲಿ ದ್ವಾರ ಮಾತ್ರ ಬದಲಾಗುವುದಿಲ್ಲ. ವಿಜ್ಞಾನದ ಪ್ರಾಯೋಗಿಕ ದಾಖಲೆಯಂತೆ ಒಂದು ನೋಟ್‌ಪುಸ್ತಕ ಇಟ್ಟು ದಿನಾಂಕ, ಹೊತ್ತು, ಶಟರ್, ಐಎಸ್‌ಒ, ಫಲಿತಾಂಶ ಎಂದು ಐದು ಕಂಬಸಾಲು ಎಳೆದರೆ ಕಲಿಕೆ ಗಟ್ಟಿಯಾಗುತ್ತದೆ. ವಾರಕ್ಕೆ ಒಂದು ಭಾನುವಾರದ ಎರಡು ಗಂಟೆ ಇದಕ್ಕೆ ಧಾರಾಳ.

ಮೊದಲ ಪ್ರಯೋಗ: ಮನೆಯ ಮುಂದಿನ ಒಂದೇ ಮರವನ್ನು ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಹನ್ನೆರಡು, ಸಂಜೆ ಆರು ಗಂಟೆಗೆ ಒಂದೇ ಜಾಗದಿಂದ ತೆಗೆಯುವುದು. ಮಧ್ಯಾಹ್ನದ ಮರ ಚಪ್ಪಟೆ. ಬೆಳಗಿನದಕ್ಕೆ ಉದ್ದ ನೆರಳು, ದುಂಡುತನ, ಹೊಂಬಣ್ಣ. ಸೂರ್ಯ ಕೆಳಗಿರುವಾಗ ಬೆಳಕು ವಾತಾವರಣದಲ್ಲಿ ಹೆಚ್ಚು ದೂರ ಸಾಗುತ್ತದೆ. ದಾರಿಯಲ್ಲಿ ನೀಲಿ ಚದುರಿ ಕೆಂಪು, ಹಳದಿ ಹೆಚ್ಚಾಗಿ ಉಳಿಯುತ್ತವೆ. ಪಠ್ಯದ ಬೆಳಕಿನ ಚದುರುವಿಕೆ ಇಲ್ಲಿ ಕಣ್ಣಮುಂದೆ ಬಂದು ನಿಲ್ಲುತ್ತದೆ.

ಎರಡನೆಯದು: ಅಜ್ಜಿಯನ್ನು ಕಿಟಕಿಯ ಪಕ್ಕ ಕೂರಿಸಿ, ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕೊಂದರಲ್ಲೇ ಮುಖ ತೆಗೆಯುವುದು. ಅಜ್ಜಿ ಕಿಟಕಿಗೆ ಎದುರಾಗಿ, ಓರೆಯಾಗಿ, ಬೆನ್ನು ಹಾಕಿ ಕುಳಿತಾಗ ಮುಖದ ಮೇಲಿನ ಗೆರೆಗಳು ಹೇಗೆ ಮೂಡುತ್ತವೆ, ಹೇಗೆ ಮರೆಯಾಗುತ್ತವೆ ಎಂದು ಗಮನಿಸಬೇಕು. ಯಾವ ದುಬಾರಿ ಕ್ಯಾಮೆರಾವೂ ಕಲಿಸದ ಪಾಠ ಇದು.

ಮೂರನೆಯದು: ಚಾವಣಿಯ ಫ್ಯಾನು. ಅದು ತಿರುಗುವಾಗ 1/60 ಸೆಕೆಂಡಿನಲ್ಲಿ ಚಿತ್ರ ತೆಗೆದರೆ ರೆಕ್ಕೆಯ ತುದಿ ಒಂದು ಮಸುಕು ಕಮಾನಿನಂತೆ ಕಾಣುತ್ತದೆ. ಆ ಕಮಾನು 36 ಡಿಗ್ರಿ ಇದ್ದರೆ ಸೆಕೆಂಡಿಗೆ 36 x 60 = 2,160 ಡಿಗ್ರಿ. ಅದನ್ನು 360ರಿಂದ ಭಾಗಿಸಿದರೆ ಸೆಕೆಂಡಿಗೆ 6 ಸುತ್ತು, ನಿಮಿಷಕ್ಕೆ 360 ಸುತ್ತು. ಕ್ಯಾಮೆರಾ ಇಲ್ಲಿ ಅಳತೆಯ ಉಪಕರಣವಾಯಿತು! ಕೆಲವು ಮೊಬೈಲುಗಳಲ್ಲಿ ರೆಕ್ಕೆ ಬಾಗಿದಂತೆಯೂ ಕಾಣಬಹುದು. ಸೆನ್ಸರನ್ನು ಒಮ್ಮೆಗೇ ಓದದೆ ಸಾಲುಸಾಲಾಗಿ ಓದುವುದೇ ಅದಕ್ಕೆ ಕಾರಣ. ಆದ್ದರಿಂದ ಈ ಲೆಕ್ಕವನ್ನು ಅಂದಾಜು ಎಂದೇ ತಿಳಿಯಬೇಕು.

ನಾಲ್ಕನೆಯದು: ಚಂದ್ರ. ಮೊಬೈಲನ್ನು ಅದರ ಪಾಡಿಗೆ ಬಿಟ್ಟರೆ ಸಾಮಾನ್ಯವಾಗಿ ಬರುವುದು ಬಿಳಿ ಬೊಟ್ಟು. ಸುತ್ತಲ ಕತ್ತಲನ್ನು ನೋಡಿ ಅದು ಬೆಳಕು ಹೆಚ್ಚಿಸುತ್ತದೆ. ಆದರೆ ಚಂದ್ರನೆಂದರೆ ಬಿಸಿಲಿಗೆ ಒಡ್ಡಿದ ಬಂಡೆ. ಅದಕ್ಕೆ ಹಗಲಿನ ಸೂತ್ರವೇ ಹೆಚ್ಚುಕಡಿಮೆ ಸರಿ. ಬೆಳಕು ಕಡಿಮೆ ಮಾಡಿದಾಗ ಬಿಳಿ ಬೊಟ್ಟು ದುಂಡಾದ ಬಿಲ್ಲೆಯಾಗುತ್ತದೆ. ಆದರೂ ಕುಳಿಗಳು ಕಾಣುವುದಿಲ್ಲ. ಏಕೆಂದರೆ ಸೆನ್ಸರಿನ ಮೇಲೆ ಚಂದ್ರಬಿಂಬದ ಗಾತ್ರ ಲೆನ್ಸಿನ ಸಂಗಮದೂರದ ಸುಮಾರು 110ರಲ್ಲಿ ಒಂದು ಪಾಲು. ಮೊಬೈಲಿನ ಮುಖ್ಯ ಲೆನ್ಸಿನ ಸಂಗಮದೂರ 5.5 ಮಿ.ಮೀ. ಎಂದಿಟ್ಟುಕೊಂಡರೆ ಬಿಂಬ ಕೇವಲ 0.05 ಮಿ.ಮೀ. 300 ಮಿ.ಮೀ. ಲೆನ್ಸಿನಲ್ಲಿ ಅದು 2.7 ಮಿ.ಮೀ. ಇರುತ್ತದೆ. (ಕೆಲವು ಮೊಬೈಲುಗಳು ಚಂದ್ರನನ್ನು ಗುರುತಿಸಿ ತಂತ್ರಾಂಶದಿಂದ ತಿದ್ದಿ ತೋರಿಸುತ್ತವೆ. ಅದನ್ನು ಪ್ರಯೋಗದ ಲೆಕ್ಕಕ್ಕೆ ಹಿಡಿಯಬಾರದು.)

ಒಂದು ವಾಕ್ಯದ ಅರ್ಜಿ

ಉಪಕರಣ ಕೊಳ್ಳುವ ಗಳಿಗೆ ಇಲ್ಲಿ ಬರುತ್ತದೆ. "ಒಳ್ಳೆಯ ಕ್ಯಾಮೆರಾ ಬೇಕು" ಎಂಬುದು ಅರ್ಜಿಯಾಗಲಾರದು. "ಚಂದ್ರನ ಬಿಂಬ ಮೊಬೈಲಿನಲ್ಲಿ 0.05 ಮಿ.ಮೀ. ಮಾತ್ರ ಬರುತ್ತದೆ, ಕುಳಿ ಕಾಣಲು 300 ಮಿ.ಮೀ. ಲೆನ್ಸು ಬೇಕು" ಎಂಬುದು ಅರ್ಜಿ. "ಶಾಲೆಯ ನಾಟಕದಲ್ಲಿ ಬೆಳಕು ಸಾಲದೆ 1/15 ಸೆಕೆಂಡು ಬೇಕಾಗುತ್ತದೆ, ಪಾತ್ರಧಾರಿಗಳು ಕದಡಿಹೋಗುತ್ತಾರೆ, ದೊಡ್ಡ ದ್ವಾರದ ಲೆನ್ಸು ಬೇಕು" ಎಂಬುದೂ ಅರ್ಜಿಯೇ. ಯಾವ ಚಿತ್ರ ಸಿಗುತ್ತಿಲ್ಲ, ಏಕೆ ಸಿಗುತ್ತಿಲ್ಲ ಎಂದು ಮಗ ಅಥವಾ ಮಗಳು ಒಂದು ವಾಕ್ಯದಲ್ಲಿ ಬರೆದುಕೊಟ್ಟ ದಿನ ಅಪ್ಪ ಅಮ್ಮ ಧೈರ್ಯವಾಗಿ ಹಣ ಹೊಂದಿಸಬಹುದು. ಆ ವಾಕ್ಯ ಇನ್ನೂ ಬಾರದಿದ್ದರೆ ಮೊಬೈಲಿನಲ್ಲಿ ಕಲಿಯುವುದು ಇನ್ನೂ ಇದೆ ಎಂದೇ ಅರ್ಥ.

ಅರ್ಜಿಯ ವಿಷಯವೇ ಉಪಕರಣವನ್ನು ಆರಿಸಿಕೊಡುತ್ತದೆ. ಹಕ್ಕಿಗಳಿಗೆ ಉದ್ದ ಸಂಗಮದೂರದ ಲೆನ್ಸು ಬೇಕು. ಇದು ಖರ್ಚಿನ ದಾರಿ, ಮೊದಲೇ ತಿಳಿದಿರುವುದು ಲೇಸು. ಚಿಟ್ಟೆ, ಇರುವೆ, ಹೂವಿನ ಪರಾಗಗಳಿಗೆ ಮ್ಯಾಕ್ರೊ ಲೆನ್ಸು ಬೇಕು. ಹಿತ್ತಲೇ ಕಾಡಾಗುವುದರಿಂದ ವಿದ್ಯಾರ್ಥಿಗಳಿಗೆ ಇದು ಒಗ್ಗುವ ದಾರಿ. ಜನ, ಜಾತ್ರೆ, ಸಂತೆ, ಮನೆಯೊಳಗಿನ ಬದುಕು ಇಷ್ಟವಾದರೆ 50 ಮಿ.ಮೀ. ಎಫ್/1.8 ಎಂಬ ಚಿಕ್ಕ ಲೆನ್ಸು ಸಾಕು. ಇದರಲ್ಲಿ ಜೂಮ್ ಇಲ್ಲ, ಕಾಲೇ ಜೂಮು. ಹಲವು ಕಂಪನಿಗಳ ಲೆನ್ಸುಗಳ ಸಾಲಿನಲ್ಲಿ ಅತಿ ಅಗ್ಗದವುಗಳಲ್ಲಿ ಇದೂ ಒಂದು. ಇದರ ದ್ವಾರದ ವ್ಯಾಸ ಸುಮಾರು 28 ಮಿ.ಮೀ., ಹೆಚ್ಚುಕಡಿಮೆ ಹತ್ತು ರೂಪಾಯಿ ನಾಣ್ಯದಷ್ಟು. ಕ್ಯಾಮೆರಾದ ಜೊತೆ ಬರುವ ಸಾಧಾರಣ ಜೂಮ್ ಲೆನ್ಸು ತುದಿಗೆ ಎಳೆದಾಗ ಎಫ್/5.6 ಆಗಿರುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಉತ್ತರ ಸುಮಾರು 9.7. ಅಂದರೆ ಸೆನ್ಸರಿನ ಮೇಲೆ ಬೀಳುವ ಬೆಳಕು ಹತ್ತಿರಹತ್ತಿರ ಹತ್ತು ಪಟ್ಟು! ಹೊಸ ಕ್ಯಾಮೆರಾ ಕೊಂಡರೂ ಸಿಗದ ಲಾಭ ಈ ಚಿಕ್ಕ ಲೆನ್ಸಿನಿಂದ ಸಿಗುತ್ತದೆ.

ಡಿಎಸ್‌ಎಲ್‌ಆರ್ ಕೊಳ್ಳಬೇಕೋ ಮಿರರ್‌ಲೆಸ್ ಕೊಳ್ಳಬೇಕೋ ಎಂಬುದು ಈಗಿನ ದೊಡ್ಡ ಚರ್ಚೆ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯೊಂದು ಬೆಳಕನ್ನು ಕಣ್ಣಿಗೆ ತಿರುಗಿಸುತ್ತದೆ, ಚಿತ್ರ ತೆಗೆಯುವಾಗ ಮೇಲೆದ್ದು ದಾರಿ ಬಿಡುತ್ತದೆ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿ ಇಲ್ಲ, ಸೆನ್ಸರ್ ಕಂಡದ್ದನ್ನೇ ಪುಟ್ಟ ಪರದೆಯಲ್ಲಿ ನೋಡಬಹುದು. ಕ್ಯಾನನ್ ಮತ್ತು ನಿಕಾನ್ ಎರಡೂ 2018ರಲ್ಲಿ ಮಿರರ್‌ಲೆಸ್‌ಗಾಗಿ ಹೊಸ ಲೆನ್ಸ್ ಮೌಂಟ್ ತಂದವು. ಆಮೇಲೆ ಅವುಗಳ ಗಮನವೆಲ್ಲ ಆ ಕಡೆಗೇ ಹರಿದಿದೆ. ಮುಂದಿನ ಹತ್ತಾರು ವರ್ಷಗಳ ದೃಷ್ಟಿಯಿಂದ ಮಿರರ್‌ಲೆಸ್ ಲೇಸು. ಆದರೆ ಕಲಿಯುವವರ ಜೇಬಿಗೆ ಹಳೆಯ ಡಿಎಸ್‌ಎಲ್‌ಆರ್ ಒಂದು ವರವೇ ಸರಿ. ನಿಕಾನಿನ ಎಫ್ ಮೌಂಟ್ 1959ರಿಂದಲೂ, ಕ್ಯಾನನ್ನಿನ ಇಎಫ್ ಮೌಂಟ್ 1987ರಿಂದಲೂ ಬಂದಿರುವುದರಿಂದ ಬಳಸಿದ ಲೆನ್ಸುಗಳು ಬೇಕಾದಷ್ಟಿವೆ. ಇವುಗಳಲ್ಲಿ ತೆಗೆದ ಚಿತ್ರ ಇಂದಿಗೂ ಹಳತಾಗಿ ಕಾಣುವುದಿಲ್ಲ.

ಬಳಸಿದ್ದನ್ನು ಕೊಳ್ಳುವಾಗ ಅವಸರ ಸಲ್ಲದು. ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಹಾಯಿಸಿ ಇನ್ನೊಂದು ತುದಿಯಿಂದ ನೋಡಿದರೆ ಜೇಡರ ಬಲೆಯಂತಹ ಬೂಷ್ಟು ಇದ್ದರೆ ಗೊತ್ತಾಗುತ್ತದೆ. ಎಫ್/16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಶಟರ್ ಎಷ್ಟು ಸಲ ಬಡಿದಿದೆ ಎಂದು ವಿಚಾರಿಸಬೇಕು. ಹಳೆಯ ಲೆನ್ಸು ಆ ಕ್ಯಾಮೆರಾದ ಮೇಲೆ ತಾನಾಗಿ ಫೋಕಸ್ ಆಗುತ್ತದೆಯೇ ಎಂದು ಅಲ್ಲೇ ಹಾಕಿ ನೋಡಬೇಕು. ಹೊಸದಾದರೆ ಬಿಲ್ಲು, ಭಾರತದಲ್ಲಿ ಸಲ್ಲುವ ವಾರಂಟಿ ಎರಡೂ ಇರಲಿ. ಉಳಿದ ಹಣದಲ್ಲಿ ಅಲ್ಲಾಡದ ಒಂದು ಟ್ರೈಪಾಡ್, ಇನ್ನೊಂದು ಬ್ಯಾಟರಿ. ಇಷ್ಟಕ್ಕೆ ಪಟ್ಟಿ ಮುಗಿಯಿತು.

ಮಳೆಗಾಲದ ಶತ್ರು

ಮಲೆನಾಡು, ಕರಾವಳಿಯ ಮನೆಗಳಿಗೆ ಒಂದು ಎಚ್ಚರಿಕೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನಕಾಯಿಗೂ ಚಪ್ಪಲಿಗೂ ಹಿಡಿಯುವ ಬೂಷ್ಟು ಲೆನ್ಸನ್ನೂ ಬಿಡುವುದಿಲ್ಲ. ಗಾಜಿನ ಮೇಲೆ ಬೆಳೆದ ಬೂಷ್ಟು ಹೊರಸೂಸುವ ಆಮ್ಲ ಲೆನ್ಸಿನ ಲೇಪವನ್ನೇ ತಿನ್ನಬಲ್ಲದು. ಹಾಗಾಗಿ ಕ್ಯಾಮೆರಾವನ್ನು ಚೀಲದಲ್ಲಿ ಸುತ್ತಿ ಬೀರುವಿನ ಕತ್ತಲಲ್ಲಿ ಇಡುವುದೇ ಅತ್ಯಂತ ಕೆಟ್ಟ ಜೋಪಾನ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮಾಪಕ ಇದ್ದರೆ ಸಾಕು. ತೇವಾಂಶ ಶೇ 40ರಿಂದ 50ರ ನಡುವೆ ಇರಲಿ. ತೇವ ಹೀರಿಕೊಂಡಾಗ ಬಣ್ಣ ಬದಲಿಸುವ ಸಿಲಿಕಾ ಹರಳುಗಳನ್ನು ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಅಡುಗೆ ಪಾತ್ರೆಯಲ್ಲಿ ಅಲ್ಲ. ಚಿಕ್ಕ ಮಕ್ಕಳ ಕೈಗೂ ಅವು ಸಿಗಬಾರದು. ವಾರಕ್ಕೊಮ್ಮೆಯಾದರೂ ಕ್ಯಾಮೆರಾ ಹೊರಗೆ ಬಂದು ಕೆಲಸ ಮಾಡಬೇಕು. ಬಳಸುವ ಲೆನ್ಸಿಗೆ ಬೂಷ್ಟಿನ ಕಾಟ ಕಡಿಮೆ.

ಇನ್ನೊಂದು ಎಚ್ಚರಿಕೆ ಕಣ್ಣಿನದು. ಉದ್ದ ಲೆನ್ಸು ಹಾಕಿದ ಡಿಎಸ್‌ಎಲ್‌ಆರ್‌ನ ಕಿಂಡಿಯಿಂದ ಸೂರ್ಯನನ್ನು ಎಂದೂ ನೋಡಬಾರದು. ಪೀನ ಮಸೂರದಿಂದ ಕಾಗದ ಸುಡುವ ಪ್ರಯೋಗ ಎಲ್ಲರಿಗೂ ಗೊತ್ತು. ಇಲ್ಲಿ ಕಾಗದದ ಜಾಗದಲ್ಲಿ ಅಕ್ಷಿಪಟಲ ಇರುತ್ತದೆ. ಗ್ರಹಣದ ಚಿತ್ರಕ್ಕೆ ಲೆನ್ಸಿನ ಮುಂದೆ ಯೋಗ್ಯ ಸೌರಶೋಧಕ ಇರಲೇಬೇಕು.

ಮೂವತ್ತಾರು ಚೌಕಟ್ಟುಗಳ ಶಿಸ್ತು

ಕರ್ನಾಟಕದ ಹವ್ಯಾಸಿ ಛಾಯಾಗ್ರಹಣಕ್ಕೆ ದೊಡ್ಡ ಪರಂಪರೆಯೇ ಇದೆ. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಕಪ್ಪು-ಬಿಳುಪಿನಲ್ಲಿ ವನ್ಯಜೀವಿಗಳನ್ನು ಸೆರೆಹಿಡಿದು ಹೆಸರಾದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಹಲವು ತಲೆಮಾರಿನ ಹುಡುಗರಿಗೆ ಗುರುವಾದರು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟ, ಕಾಡುಗಳಲ್ಲಿ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದರು. ಇವರೆಲ್ಲ ಕೆಲಸ ಕಲಿತದ್ದು ಫಿಲ್ಮ್ ಕಾಲದಲ್ಲಿ. ಒಂದು ಸುರುಳಿಯಲ್ಲಿ 36 ಚಿತ್ರ, ಪ್ರತಿಯೊಂದಕ್ಕೂ ದುಡ್ಡು. ಫಲಿತಾಂಶ ತಿಳಿಯಲು ದಿನಗಟ್ಟಲೆ ಕಾಯಬೇಕಿತ್ತು. ಆದ್ದರಿಂದ ಗುಂಡಿ ಒತ್ತುವ ಮೊದಲು ಯೋಚನೆ ಅನಿವಾರ್ಯವಾಗಿತ್ತು.

ಡಿಜಿಟಲ್ ಆ ಖರ್ಚನ್ನು ಇಲ್ಲವಾಗಿಸಿತು. ಬಡ ವಿದ್ಯಾರ್ಥಿಗೂ ಸಾವಿರ ಸಲ ತಪ್ಪಿ ಕಲಿಯುವ ಅವಕಾಶ ಸಿಕ್ಕಿತು. ಇದು ಸಣ್ಣ ಲಾಭವಲ್ಲ. ಆದರೆ ಖರ್ಚಿನ ಜೊತೆಗೆ ಯೋಚನೆಯೂ ಹೋಗಬಾರದು. ಅದಕ್ಕೊಂದು ಸುಲಭ ಅಭ್ಯಾಸವಿದೆ. ತಿಂಗಳಿಗೊಂದು ದಿನ 36 ಚಿತ್ರ ಮಾತ್ರ ತೆಗೆಯುವುದು, ತೆಗೆದದ್ದನ್ನು ಸಂಜೆಯವರೆಗೆ ನೋಡದಿರುವುದು. ಸಂಜೆ ಮನೆಯವರೆಲ್ಲ ಕುಳಿತು ಅವುಗಳಲ್ಲಿ ಮೂರನ್ನು ಆರಿಸುವುದು. ಉಳಿದ 33 ಏಕೆ ಸೋತವು ಎಂಬ ಮಾತುಕತೆಯೇ ಆ ದಿನದ ನಿಜವಾದ ಪಾಠ. ಅಪ್ಪ ಅಮ್ಮನಿಗೆ ಕ್ಯಾಮೆರಾ ತಿಳಿಯದಿದ್ದರೂ ಚಿಂತೆಯಿಲ್ಲ. "ಇಲ್ಲಿ ಏನನ್ನ ತೋರಿಸೋಕೆ ಹೊರಟಿದ್ದೆ?" ಎಂದು ಕೇಳಲು ಪದವಿ ಬೇಕಿಲ್ಲ.

ಶಿಸ್ತಿನ ಇನ್ನೊಂದು ಮುಖ ನಡತೆಯದು. ಗೂಡಿನಲ್ಲಿ ಮರಿಗಳಿರುವ ಹಕ್ಕಿಯ ಹತ್ತಿರ ಹೋದರೆ ತಾಯಿ ಗೂಡು ಬಿಟ್ಟು ಹೋಗಬಹುದು. ಚಿತ್ರಕ್ಕೆಂದು ಸರಿಸಿದ ಕೊಂಬೆಯೇ ಕಾಗೆಗೆ ದಾರಿ ತೋರಿಸಬಹುದು. ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯ ನಿಯಮ ಮೀರಬಾರದು. ಸಂತೆಯಲ್ಲಿ ತರಕಾರಿ ಮಾರುವ ಅಜ್ಜಿಯ ಮುಖ ಎಷ್ಟೇ ಚೆನ್ನಾಗಿದ್ದರೂ ಮೊದಲು "ಅಜ್ಜಿ, ಒಂದು ಫೋಟೊ ತೆಗೀಲಾ?" ಎಂದು ಕೇಳಬೇಕು. ಬೇಡ ಎಂದರೆ ಕ್ಯಾಮೆರಾ ಇಳಿಸಬೇಕು. ಬೆಳಕನ್ನು ಓದಲು ಕಲಿತವರು ಎದುರಿನವರ ಮನಸ್ಸನ್ನೂ ಓದಬೇಕಲ್ಲವೇ?

ಓದು ಕೆಡುತ್ತದೆ ಎಂಬ ಹೆದರಿಕೆ ಅನೇಕ ಪೋಷಕರಿಗಿದೆ. ವಾರಕ್ಕೆ ಎರಡು ಗಂಟೆಯ ಮಿತಿಯಲ್ಲಿ ನಡೆಯುವ ಈ ಹವ್ಯಾಸದಲ್ಲಿ ಮಸೂರದ ಸೂತ್ರ, ವರ್ಗಮೂಲ, ಅನುಪಾತ, ಬೆಳಕಿನ ಚದುರುವಿಕೆ ಎಲ್ಲವೂ ಕೈಬಳಕೆಯ ವಸ್ತುಗಳಾಗುತ್ತವೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ಮೇಲೆ ಮರೆಯುತ್ತದೆ. ಕಿಟಕಿಯ ಬೆಳಕಿನಲ್ಲಿ ಅಜ್ಜಿಯ ಮುಖ ತೆಗೆಯುತ್ತ ಕಲಿತದ್ದು ಬೇಗ ಮರೆಯುವುದಿಲ್ಲ. ಹಾಗಾಗಿ ಈ ಸಲದ ಫಲಿತಾಂಶದ ಬಳಿಕ ಕ್ಯಾಮೆರಾದ ಮಾತು ಬಂದರೆ ಇಲ್ಲ ಎನ್ನುವುದೂ ಬೇಡ, ಅಂದೇ ಅಂಗಡಿಗೆ ಓಡುವುದೂ ಬೇಡ. ಒಂದು ನೋಟ್‌ಪುಸ್ತಕ ಕೊಡಿಸಿ, ಮೂರು ತಿಂಗಳು ಕಾದು, ಆ ಒಂದು ವಾಕ್ಯದ ಅರ್ಜಿಗೆ ಎದುರು ನೋಡಿದರಾಯಿತು.